ಅವ್ವನ ಫೋಟೊ, ಶಿಲ್ಪಾಳ ಹೆಸರು

ಮೊನ್ನೆ ನಮ್ಮವ್ವನ ಫೋಟೊ ಪೇಪರಿನ ಮುಖಪುಟದಲ್ಲಿ ಬಂತು. ಊರಿಗೆಲ್ಲ ಖುಷಿ. ನನಗೆ ಮಾತ್ರ ಹೊಟ್ಟೆಯುರಿ.

ಯಾಕೆ ಅಂತೀರಾ? ಪೇಪರು ನಮ್ಮದಲ್ಲ. ಸುದ್ದಿ ಬರೆದದ್ದು ಶಿಲ್ಪಾ. ನಾನು ಮಂಡ್ಯದಲ್ಲಿ ವರದಿಗಾರನಾಗಿ ಮೂರು ವರ್ಷವಾಯಿತು, ಅವಳು ಬಂದು ಆರು ತಿಂಗಳು. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಪ್ರೆಸ್‌ಮೀಟಿನಲ್ಲಿ ಎಲ್ಲಿ ಕೂರಬೇಕು ಅಂತ ತೋರಿಸಿಕೊಟ್ಟವನೇ ನಾನು! ಈಗ ಮುಖಪುಟದಲ್ಲಿ ಅವಳ ಹೆಸರು, ದಪ್ಪ ಅಕ್ಷರದಲ್ಲಿ. ನನಗೆ ಇವತ್ತಿಗೂ ‘ನಮ್ಮ ವರದಿಗಾರರಿಂದ’ ಅಷ್ಟೇ. (ಈ ಅಂಕಣಕ್ಕೆ ಹೆಸರು ಹಾಕುತ್ತಾರೆ, ನಿಜ. ಆದರೆ ಇದು ಒಳಪುಟ. ಮುಖಪುಟದ ಸುಖವೇ ಬೇರೆ.)

ದೆಹಲಿಯ ವರದಿಗಾರನಿಗೆ ಪ್ರಶಸ್ತಿ ಬಂದರೆ ನನಗೇನೂ ಆಗುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿದವರು ಗೆದ್ದರೆ ಮಾತ್ರ ನಿದ್ದೆ ಬರುವುದಿಲ್ಲ. ನಿಮಗೂ ಹಾಗೇ ತಾನೇ?

ಸುದ್ದಿ ನಮ್ಮೂರಿನದು. ಮಳವಳ್ಳಿ ತಾಲ್ಲೂಕು, ನೀರಿನಿಂದ ಕರೆಂಟ್ ತೆಗೆಯುವ ಬ್ಲಫ್‌ಗೆ ಹತ್ತಿರ. ಮನೆಮನೆಗೆ ಹೊಸ ನಲ್ಲಿ ಹಾಕಿ ಉದ್ಘಾಟನೆ ಮಾಡಿದರು. ನಾನು ಹೋಗಲಿಲ್ಲ. ನಮ್ಮಲ್ಲೊಂದು ಪದ್ಧತಿಯಿದೆ. ಕಾರ್ಯಕ್ರಮಕ್ಕೆ ಹೋದವನೊಬ್ಬ ಸುದ್ದಿ ಟೈಪ್ ಮಾಡಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾನೆ, ಉಳಿದವರು ತಲೆಬರಹ ಬದಲಿಸಿ ತಮ್ಮ ತಮ್ಮ ಪೇಪರಿಗೆ ಕಳಿಸುತ್ತೇವೆ. (ಬೈಯಬೇಡಿ. ಪರೀಕ್ಷೆಯಲ್ಲಿ ನೀವು ಪಕ್ಕಕ್ಕೆ ನೋಡಿಲ್ಲವೇ?) ನಾನೂ ಕಳಿಸಿದೆ: ‘ಗ್ರಾಮಸ್ಥರ ಬವಣೆಗೆ ಮುಕ್ತಿ’. ಐದನೇ ಪುಟದಲ್ಲಿ ಬಂತು.

ಶಿಲ್ಪಾ ಗ್ರೂಪಿನ ಸುದ್ದಿ ಮುಟ್ಟಲಿಲ್ಲ. ಉದ್ಘಾಟನೆಯಾಗಿ ವಾರ ಕಳೆದ ಮೇಲೆ ಬಸ್ಸು ಹತ್ತಿ ಹೋಗಿ, ನಲ್ಲಿ ತಿರುಗಿಸಿ ನೋಡಿದ್ದಾಳೆ. ಬರೀ ಗಾಳಿ. ಭಾಷಣದ ದಿನ ಬಂದ ನೀರು ಮತ್ತೆ ಬಂದೇ ಇಲ್ಲ. ಫೋಟೊದಲ್ಲಿ ಆ ನಲ್ಲಿಯ ಪಕ್ಕ ಖಾಲಿ ಬಿಂದಿಗೆ ಹಿಡಿದು ನಿಂತಿರುವವಳೇ ನಮ್ಮವ್ವ.

ಮೊದಲು ಅವಳ ಸುದ್ದಿಯಲ್ಲಿ ತಪ್ಪು ಹುಡುಕಿದೆ. ಎರಡು ಕಾಗುಣಿತ ದೋಷ ಸಿಕ್ಕವು. (ಎಷ್ಟು ಸಮಾಧಾನವಾಯಿತು ಗೊತ್ತೇ?) ಅದೂ ಹತ್ತೇ ನಿಮಿಷ. ಆಫೀಸಿನಲ್ಲಿ ನಮ್ಮ ಮುಖ್ಯ ವರದಿಗಾರರು ಎರಡೂ ಪೇಪರು ಪಕ್ಕಪಕ್ಕ ಹರಡಿ, “ಇದು ನಿಮ್ಮೂರಲ್ವೇನಪ್ಪ?” ಎಂದರು. ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಅವ್ವನಿಗೆ ಫೋನ್ ಮಾಡಿ ರೇಗಿದೆ. “ನಾನೂ ಪೇಪರ್ನಾಗೇ ಇವ್ನಿ. ಬ್ಯಾರೇವ್ರಿಗೆ ಯಾಕವ್ವ ಯೋಳ್ದೆ?”

ಅವ್ವ ರೇಗಲಿಲ್ಲ. “ಆ ಹುಡ್ಗಿ ಬಂದು ಕೇಳ್ತು, ಯೋಳ್ದೆ ಕಣಪ್ಪ. ನೀನೂ ದಿನಾ ಫೋನ್ ಮಾಡ್ತೀಯಲ್ಲ, ನಲ್ಲೀಲಿ ನೀರು ಬರ್ತದಾ ಅಂತ ಒಂದ್ಸಲನಾದ್ರೂ ಕೇಳಿದ್ಯಾ?”