ಚೀಲ ತೆಗೆಯುವುದಿಲ್ಲ ಎಂಬ ಚೀಟಿ

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆಂದು ನರ್ಸ್ ಆಗಿ ಚೌಡಾಪುರದ ಶಿಬಿರಕ್ಕೆ ಹೋಗಿದ್ದೆ. ಪರದೆಯೊಳಗೆ ಬಂದ ಶರಣಮ್ಮ ಮೇಜು ಹತ್ತಲೇ ಇಲ್ಲ.

“ನಮ್ಮ ಅಕ್ಕಗೂ ಖಾಸಗಿ ದವಾಖಾನ್ಯಾಗ ಹಿಂಗ ಕ್ಯಾನ್ಸರ್ ಅಂತ ಹೆದರಿಸಿ ಗರ್ಭಚೀಲ ತಗದ್ರು. ಆಮ್ಯಾಲ ನೋಡಿದ್ರ ಏನೂ ಇರಲಿಲ್ಲ. ನೀವೂ ತಗೀತೀರೇನ್ರಿ?”

“ಇಲ್ಲಬೇ ಯವ್ವಾ. ಚೀಲದ ಬಾಯಿಗಿ ಸ್ವಲ್ಪ ಔಷಧ ಹಚ್ಚಿ ನೋಡ್ತೇನಿ, ಅಷ್ಟ.”

“ಹಂಗಂತ ಬರದು ಕೊಡ್ರಿ.”

ನನಗೆ ಸಿಟ್ಟು ಬಂತು. ಆದರೂ ಅವಳ ಅಕ್ಕನನ್ನು ನೆನೆದು ಪೆನ್ನು ತೆಗೆದೆ. ‘ಚೀಲ ತೆಗೆಯುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದಳು.

ಔಷಧ ಹಚ್ಚಿ ನೋಡಿದೆ, ತೊಂದರೆಯಿದ್ದರೆ ಮೂಡುವ ಬಿಳಿ ಕಲೆ ಕಾಣಲಿಲ್ಲ. “ಏನೂ ಇಲ್ಲ, ಚಿಂತಿ ಬಿಡು” ಅಂದೆ. ಅವಳು ಎದ್ದು ಚೀಟಿ ಚಾಚಿದಳು.

“ಇದಕ್ಕ ಶಿಕ್ಕಾ ಹೊಡೀರಿ. ಅಕ್ಕನ ರಿಪೋರ್ಟಿಗೂ ಬರೇ ಸಹಿನ ಇತ್ತು.”

ಮೊಹರು ಹೊಡೆದುಕೊಟ್ಟೆ. ಅಷ್ಟರಲ್ಲಿ ಹೊರಗೆ ಸಾಲಿನಲ್ಲಿದ್ದವರೆಲ್ಲ ನೋಟ್‌ಬುಕ್ಕಿನ ಹಾಳೆ ಹರಿದಿಟ್ಟುಕೊಂಡಿದ್ದರು.