ಲೈಸೆನ್ಸ್ ಅಮಾನತಾಗಿದ್ದ ವರ್ಷ

ಊಟಿ ಬಳಿಯ ಇತ್ತಲಾರ್ ಕಡೆಯ ನಮ್ಮ ಹಟ್ಟಿಯಲ್ಲಿ ನಮಗೆ ಒಂದಿಷ್ಟು ಟೀ ತೋಟ, ಅದರ ಕೆಳಗೆ ಕ್ಯಾರೆಟ್ ಬೆಳೆಯುವ ತುಂಡು ಜಮೀನು ಇದೆ. ತೋಟ ನನ್ನದು, ಪಿಕಪ್ ಗಾಡಿ ನನ್ನ ಗಂಡನದು ಎಂದು ಮದುವೆಯಾದ ಹೊಸದರಲ್ಲೇ ಹಂಚಿಕೊಂಡುಬಿಟ್ಟಿದ್ದೆವು. ಊಟಿ ಮಾರುಕಟ್ಟೆಗೆ ತರಕಾರಿ ಸಾಗಿಸುವುದು, ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿಯ ರೆಸಾರ್ಟ್‌ಗಳಿಗೆ ಕೊಟ್ಟುಬರುವುದು ಅವರ ಕೆಲಸ.

ಆ ಘಾಟಿಯ ತಿರುವೊಂದರಲ್ಲೇ ಅಪಘಾತವಾದದ್ದು. ಬೇಗ ಇಳಿಯುವ ಅವಸರದಲ್ಲಿ ಗಾಡಿಯ ಹಿಡಿತ ತಪ್ಪಿ, ರಸ್ತೆಯಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬರಿಗೆ ಬಡಿಯಿತು. ಅವರು ಮಸಿನಗುಡಿಯ ಕಾಡಂಚಿನವರು, ಅರಣ್ಯದಲ್ಲಿ ಕೂಲಿ ಮಾಡುವವರು. ಕಾಲು ಮುರಿಯಿತು. ನನ್ನ ಗಂಡ ಅವರನ್ನು ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಸೇರಿಸಿ, ತಾವೇ ಪೊಲೀಸ್ ಠಾಣೆಗೆ ಹೋದರು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಮೊದಲ ಕೇಸು ಎಂದು ನ್ಯಾಯಾಧೀಶರು ಜೈಲಿಗೆ ಕಳಿಸಲಿಲ್ಲ. ಒಂದು ವರ್ಷ ಒಳ್ಳೆಯ ನಡತೆಯಿಂದ ಇರುತ್ತೇನೆಂದು ಬಾಂಡ್ ಬರೆಸಿಕೊಂಡು, ಪ್ರೊಬೇಶನ್ ಅಧಿಕಾರಿಯ ಕಣ್ಗಾವಲಿನಲ್ಲಿ ಮನೆಗೆ ಬಿಟ್ಟರು. ಲೈಸೆನ್ಸ್ ಮಾತ್ರ ಅಮಾನತಾಯಿತು.

ಗಾಡಿಗೆ ಕೂಲಿಯ ಡ್ರೈವರ್ ಒಬ್ಬನನ್ನು ಇಟ್ಟುಕೊಂಡೆವು. ಇವರು ಆಗಾಗ ಬಸ್ಸಿನಲ್ಲಿ ಮಸಿನಗುಡಿಗೆ ಹೋಗಿ ಗಾಯಗೊಂಡವರನ್ನು ನೋಡಿಕೊಂಡು ಬರುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಮೊದಮೊದಲು ಆ ಮನೆಯವರು ಮಾತೇ ಆಡುತ್ತಿರಲಿಲ್ಲವಂತೆ. ಆಮೇಲೆ ಜಗಲಿಯಲ್ಲಿ ಕೂರಿಸಿ ಕಾಪಿ ಕೊಡತೊಡಗಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಡ್ರೈವರ್ ಬರಲಿಲ್ಲ. ತೊಳೆದ ಕ್ಯಾರೆಟ್ ಮೂಟೆಗಳು ಗಾಡಿಯಲ್ಲಿದ್ದವು. ನಾನು ಎಲೆ ಕೀಳಲು ತೋಟಕ್ಕೆ ಹೋಗಿದ್ದೆ. ಊಟಿವರೆಗೆ ತಾನೇ, ಅಂದುಕೊಂಡು ಇವರು ಸ್ಟೀರಿಂಗ್ ಹಿಡಿದರು. ಪೇಟೆ ಸಿಗುವ ಮೊದಲೇ ತಪಾಸಣೆಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರು. ಲೈಸೆನ್ಸ್ ಅಮಾನತಾಗಿರುವುದು ಅವರ ಕೈಯಲ್ಲಿದ್ದ ಯಂತ್ರದಲ್ಲೇ ಗೊತ್ತಾಯಿತು. ಗಾಡಿ ಠಾಣೆಗೆ ಹೋಯಿತು. ಇವರು ಅಲ್ಲಿಂದಲೇ ನನಗೆ ಫೋನ್ ಮಾಡಿ ತಿಳಿಸಿದರು.

ಸಂಜೆ ನನ್ನ ಭಾವ, ಎಂದರೆ ಇವರ ಅಣ್ಣ, ಮನೆಗೆ ಬಂದರು. ಪೊಲೀಸರು ಏನೇ ಹೇಳಲಿ, ಗಾಡಿ ಓಡಿಸಿದ್ದು ನಾನು ಎಂದು ಕೋರ್ಟಿನಲ್ಲಿ ಹೇಳಿಬಿಡುತ್ತೇನೆ, ನನಗೆ ಲೈಸೆನ್ಸ್ ಇದೆ, ಯಾವ ಕೇಸೂ ಇಲ್ಲ ಅಂದರು. ತಮ್ಮನ ಮೇಲಿನ ಪ್ರೀತಿಯಿಂದ ಹೇಳಿದ ಮಾತು. ನನಗೂ ಒಂದು ಗಳಿಗೆ ಆಸೆಯಾಯಿತು.

ಮರುದಿನ ಪ್ರೊಬೇಶನ್ ಅಧಿಕಾರಿ ಹಟ್ಟಿಗೇ ಬಂದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಮಿಳಿನಲ್ಲಿ ಮೆಲ್ಲಗೆ ಮಾತಾಡುವವರು. ಅಡುಗೆಮನೆಯಲ್ಲೇ ಕುಳಿತು ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಈಗ ಇರುವುದು ಎರಡು ವಿಷಯ. ಅಮಾನತಾದ ಲೈಸೆನ್ಸಿನಲ್ಲಿ ಓಡಿಸಿದ್ದು ಹೊಸ ಕೇಸು, ಅದಕ್ಕೇ ದಂಡವೋ ಜೈಲೋ ಆಗಬಹುದು. ಬಾಂಡ್ ಮುರಿದದ್ದು ಬೇರೆ. ಕೋರ್ಟು ಮನಸ್ಸು ಮಾಡಿದರೆ ಹಳೆಯ ಕೇಸಿನ ಶಿಕ್ಷೆಯನ್ನೂ ಈಗ ಕೊಡಬಹುದು. ದಾರಿಯಲ್ಲಿ ಮತ್ತೆ ಯಾರಿಗಾದರೂ ತಾಗಿದ್ದರೆ ವಿಮೆಯವರೂ ಕೈಬಿಡುತ್ತಿದ್ದರು ಅಂದರು. ಭಾವನ ಮಾತನ್ನು ನಾನು ಅಂಜುತ್ತಲೇ ಹೇಳಿದೆ.

ಅವರು ಲೋಟ ಕೆಳಗಿಟ್ಟರು. "ಅಕ್ಕಾ, ಇವರು ಇಲ್ಲಿವರೆಗೆ ಸುಳ್ಳು ಹೇಳಿಲ್ಲ. ಇವರ ಕೈಯಲ್ಲಿ ಉಳಿದಿರೋದು ಅದೊಂದೇ. ಅದನ್ನೂ ಕಳಕೊಂಡ್ರೆ ನಾನು ಇವರ ಪರವಾಗಿ ಏನು ಹೇಳ್ಲಿ?"

ಬಾಗಿಲ ಹೊರಗೆ ನಿಂತಿದ್ದ ಇವರು ಒಳಗೆ ಬಂದು, "ನಾನೇ ಓಡಿಸ್ದೆ ಅಂತ ಹೇಳ್ತೀನಿ," ಅಂದರು. ಅಣ್ಣನಿಗೂ ಹಾಗೇ ತಿಳಿಸಿದರು.

ವಿಚಾರಣೆಯ ದಿನ ಅಧಿಕಾರಿ ಯಾವುದನ್ನೂ ಮುಚ್ಚಲಿಲ್ಲ. ಬಾಂಡ್ ಮುರಿದಿದ್ದಾರೆ ಎಂದೇ ಹೇಳಿದರು. ಆದರೆ ಮಸಿನಗುಡಿಗೆ ತಾವೇ ಹೋಗಿ ಗಾಯಗೊಂಡವರನ್ನು ಕಂಡು ಬಂದಿದ್ದರು. ಅವರು ಹೇಳಿದ್ದನ್ನು ನ್ಯಾಯಾಧೀಶರ ಮುಂದಿಟ್ಟರು: ಈ ಮನುಷ್ಯ ಬರುವುದನ್ನು ನಿಲ್ಲಿಸಿಲ್ಲ, ಇವರನ್ನು ಜೈಲಿಗೆ ಹಾಕಿ ನನಗೆ ಆಗಬೇಕಾದ್ದು ಏನಿಲ್ಲ.

ಕಾಲು ಇನ್ನೂ ಸರಿಯಾಗಿ ಊರಲಾಗದ ಮನುಷ್ಯ ಆಡಿದ ಮಾತು ಅದು. ಕೋರ್ಟಿನ ಬೆಂಚಿನ ಮೇಲೆ ನಾನು ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದೆ.

ಯಾಕೆ ಓಡಿಸಿದೆ ಎಂದು ನ್ಯಾಯಾಧೀಶರು ಕೇಳಿದರು. ಕ್ಯಾರೆಟ್ ಕೆಡುತ್ತಿತ್ತು, ಆದರೆ ಅದು ಕಾರಣವಲ್ಲ, ಸಿಕ್ಕಿಬೀಳಲ್ಲ ಅಂದುಕೊಂಡೆ ಎಂದು ಇವರು ಹೇಳಿದರು. ಹೊಸ ಕೇಸಿಗೆ ದಂಡ ಬಿತ್ತು, ಲೈಸೆನ್ಸ್ ಅಮಾನತು ಇನ್ನಷ್ಟು ಮುಂದೆ ಹೋಯಿತು. ಬಾಂಡ್ ಮುರಿದದ್ದು ಇದೇ ಮೊದಲು ಎಂದು ಚಿಕ್ಕ ದಂಡ ಹಾಕಿ, ಬಾಂಡನ್ನು ಹಾಗೇ ಉಳಿಸಿದರು. ಇನ್ನೊಮ್ಮೆ ಬಂದರೆ ಮನೆಗೆ ವಾಪಸ್ ಹೋಗುವುದಿಲ್ಲ ಎಂದು ಎಚ್ಚರಿಸಿದರು.

ಠಾಣೆಯಿಂದ ಗಾಡಿ ಬಿಡಿಸಿಕೊಂಡ ವಾರವೇ ನಾನು ಊಟಿಯ ಡ್ರೈವಿಂಗ್ ಶಾಲೆಗೆ ಸೇರಿದೆ. ಮನೆಯಲ್ಲೇ ಕಲಿಯೋಣವೆಂದರೆ, ಲೈಸೆನ್ಸ್ ಇಲ್ಲದ ಗಂಡ ಪಕ್ಕದಲ್ಲಿ ಕೂತು ಕಲಿಸುವಂತಿರಲಿಲ್ಲ. ಕ್ಲಚ್ಚಿಗೂ ನನಗೂ ಬಹಳ ದಿನ ಹೊಂದಲಿಲ್ಲ. ಹಟ್ಟಿಯ ಹೆಂಗಸರು ನಕ್ಕರು, ನಾನೂ ನಕ್ಕೆ. ಪರೀಕ್ಷೆ ಪಾಸಾದ ಮೇಲೂ ತಿಂಗಳುಗಟ್ಟಲೆ ಊಟಿಗಷ್ಟೇ ಹೋಗಿ ಬರುತ್ತಿದ್ದೆ.

ಕೊನೆಗೊಂದು ದಿನ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಡಿಮೆ ಗೇರಿನಲ್ಲಿ ಕಲ್ಲಟ್ಟಿ ಇಳಿದೆ. ತಿರುವುಗಳಲ್ಲಿ ಇವರ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಸಿನಗುಡಿಯಲ್ಲಿ ಮೊದಲು ಆ ಮನೆಗೇ ಹೋದೆವು. ಕೋಲೂರಿಕೊಂಡು ಹೊರಗೆ ಬಂದ ಅವರಿಗೆ ನಾನು ಕೈಮುಗಿದೆ. ಅವರು ನನ್ನನ್ನೂ ಗಾಡಿಯನ್ನೂ ನೋಡಿ, "ನೀನೇ ಓಡಿಸ್ಕೊಂಡು ಬಂದ್ಯಾ, ತಾಯಿ?" ಎಂದು ಕೇಳಿದರು. ಹೌದು ಅಂದೆ. ಒಳಗೆ ಕರೆದು, ಕಾಪಿ ಇಡಲು ಮಗಳಿಗೆ ಹೇಳಿದರು.