ಯಾವ ಓಣಿಯ ಹುಳ?

ನಮ್ಮ ಸಾಹೇಬರ ಬಲಗಣ್ಣಿನ ಸುತ್ತ ಬಳೆ ಒತ್ತಿದ ಹಾಗೆ ದುಂಡನೆಯ ಗೆರೆಯೊಂದು ಬಿದ್ದಿತ್ತು. ಒಂಟಿ ಕೊಳವೆಯ ಹಳೆಯ ಸೂಕ್ಷ್ಮದರ್ಶಕಕ್ಕೆ ವರ್ಷಗಟ್ಟಲೆ ಕಣ್ಣೊತ್ತಿ ಮೂಡಿದ ಗೆರೆ ಅದು. ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಮೊದಲ ಸಲ ಬಂದವರಿಗೆ, ಇವರು ನಮ್ಮ ಮಾತು ನಂಬುತ್ತಿಲ್ಲ ಎನಿಸುತ್ತಿತ್ತು. ನಂಬುತ್ತಲೂ ಇರಲಿಲ್ಲ.

ಕಾಗವಾಡದಲ್ಲಿ ನಾಯಿ ಬೆಕ್ಕುಗಳಿಗೆಂದು ಅವರು ತೆರೆದಿದ್ದ ಸಣ್ಣ ದವಾಖಾನೆಗೆ ನಾನು ಪಶುವೈದ್ಯಕೀಯ ಓದು ಮುಗಿಸಿದ ಹೊಸತರಲ್ಲಿ ಸೇರಿದೆ. ನನಗೆ ಅಷ್ಟು ಸಿಟ್ಟು ತರಿಸಿದ ಮನುಷ್ಯ ಇನ್ನೊಬ್ಬರಿಲ್ಲ.

"ಇದಕ್ಕ ಫ್ಲೂಕ್ ಆಗಿರಬೇಕ್ರಿ ಸರ್, ಲಿವರಿನ್ಯಾಗ" ಎಂದರೆ ಮುಗಿಯಿತು. ಫ್ಲೂಕ್ ಎಂದರೆ ಒಡಲೊಳಗೆ ಬದುಕುವ, ಎಲೆಯಂತೆ ಚಪ್ಪಟೆಯಾದ ಹುಳು.

"ಲಿವರ್ ಅಂದ್ರ ಅಥಣಿ ತಾಲೂಕಿನಷ್ಟ ದೊಡ್ಡದೈತಿ ತಂಗಿ. ಯಾವ ಊರು, ಯಾವ ಓಣಿ, ಅದನ್ನ ಹೇಳು."

ಪುಪ್ಪುಸದ್ದು, ಪಿತ್ತನಾಳದ್ದು, ಮೇದೋಜೀರಕದ್ದು, ಸಣ್ಣ ಕರುಳಿನದ್ದು, ರಕ್ತನಾಳದ್ದು ಎಂದು ಹುಳುಗಳನ್ನು ಅವರು ವಿಳಾಸದ ಮೇಲೆ ವಿಂಗಡಿಸುತ್ತಿದ್ದರು. ವಿಳಾಸ ಸಿಗದ ಹುಳಕ್ಕೆ ಔಷಧವಿಲ್ಲ. ಅಂಕಲಿಯ ರೈತನೊಬ್ಬ ಕೆಮ್ಮುವ ನಾಯಿ ತಂದಾಗ, ನಾನು ಅದರ ಎದೆ ಮುಟ್ಟುವ ಮೊದಲೇ ವಿಚಾರಣೆ ಶುರು: "ಹೊಳಿ ದಂಡ್ಯಾಗ ಏಡಿ ತಿಂತೈತೇನು?" ಹೌದೆಂದ ಪಾಪ. ಬಸವನಹುಳುವಿನಿಂದ ಏಡಿಗೆ, ಏಡಿಯಿಂದ ನಾಯಿಯ ಪುಪ್ಪುಸಕ್ಕೆ ಹುಳು ಬರುವ ದಾರಿಯನ್ನು ಸಾಹೇಬರು ಒಂದೊಂದೇ ನಿಲ್ದಾಣ ಹಿಡಿದು ವಿವರಿಸಿದರು. ಅಷ್ಟರಲ್ಲಿ ಆತನ ಬಸ್ಸು ಹೋಗಿಯೇಬಿಟ್ಟಿತು.

ಶೇಡಬಾಳದ ಅಜ್ಜಿಯೊಬ್ಬರು ಬುಟ್ಟಿಯಲ್ಲಿ ಬೆಕ್ಕು ತಂದ ದಿನದಿಂದ ನಮ್ಮಿಬ್ಬರ ಜಗಳ ಹೆಚ್ಚಾಯಿತು. ಬೆಕ್ಕಿನ ಕಿವಿ, ಒಸಡು, ಕಣ್ಣು ಎಲ್ಲ ಅರಿಸಿನ ಬಣ್ಣ. ತಿಂದದ್ದು ದಕ್ಕುತ್ತಿರಲಿಲ್ಲ.

"ಹಾಲು ಅನ್ನ ಬಿಟ್ಟ ಬ್ಯಾರೆ ಏನೂ ತಿನ್ನೂದಿಲ್ರಿ ಇದು" ಎಂದರು ಅಜ್ಜಿ.

"ಅಕ್ಕಾರ, ಜೈನರು ನೀವು. ಬೆಕ್ಕಲ್ಲ. ನಾನೂ ಜೈನನರಿ, ನಮ್ಮ ಮನಿ ಬೆಕ್ಕು ದಿನಾ ಹಲ್ಲಿ ತಿಂತಿತ್ತು."

ಹಲ್ಲಿಯ ಮೂಲಕ ಬೆಕ್ಕಿನ ಪಿತ್ತನಾಳ ಸೇರುವ ಫ್ಲೂಕ್ ಇರಬೇಕೆಂದು ಇಬ್ಬರಿಗೂ ಅನುಮಾನವಿತ್ತು. ನಾನು ಔಷಧದ ಸೀಸೆಗೆ ಕೈ ಹಾಕಿದೆ. ಅಜ್ಜಿ ಅಳುಕಿದರು. "ಹುಳಾನೂ ಜೀವ ಅಲ್ಲೇನ್ರಿ ಸಾಹೇಬ್ರ?"

"ಹೌದ್ರಿ. ಮುಟ್ಟೂದು, ರುಚಿ, ಎರಡು ಇಂದ್ರಿಯದ ಜೀವ. ಅದು ಅಲ್ಲೇ ಐತಿ ಅಂತ ಖಾತ್ರಿ ಆಗೂತನ ಕೊಲ್ಲಾಂಗಿಲ್ಲ."

ಮಲ ಪರೀಕ್ಷೆಯಲ್ಲಿ ಮೊಟ್ಟೆ ಕಾಣಲಿಲ್ಲ. ಮರುದಿನವೂ ಕಾಣಲಿಲ್ಲ. ಬೆಕ್ಕು ತಲೆ ಎತ್ತುವುದನ್ನು ಬಿಟ್ಟಿತು. ಸಾಹೇಬರು ಮಾತ್ರ ಕಣ್ಣು ಕೊಳವೆಗೆ ಅಂಟಿಸಿ, "ಇನ್ನೊಂದು ಸ್ಲೈಡ್ ಮಾಡು" ಎನ್ನುತ್ತಲೇ ಇದ್ದರು. ನನ್ನ ತಾಳ್ಮೆ ಹರಿಯಿತು.

"ಪಿತ್ತನಾಳಾನ ಕಟ್ಟಿದ್ರ ಮೊಟ್ಟಿ ಹ್ಯಾಂಗ ಹೊರಗ ಬರ್ತಾವ್ರಿ ಸರ್? ಹುಳಕ್ಕ ಎರಡು ಇಂದ್ರಿಯ ಅಂತೀರಿ. ಬೆಕ್ಕಿಗೆ ಐದು ಅದಾವಲ್ರಿ!"

ಸಾಹೇಬರು ಕೊಳವೆಯಿಂದ ಕಣ್ಣು ತೆಗೆದರು. ಬೆಕ್ಕಿನ ತುಟಿ ಎತ್ತಿ ಒಸಡು ನೋಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಪಾಪ ಬಂದ್ರ ನನಗ ಬರ್ಲಿ ಅಕ್ಕಾರ" ಎಂದವರೇ ತಾವೇ ಔಷಧ ಕೊಟ್ಟರು.

ಸಲೈನ್, ಔಷಧ, ಕಾಯುವುದು. ನಿಧಾನಕ್ಕೆ ಹಳದಿ ಇಳಿಯಿತು. ಬೆಕ್ಕು ಹಾಲಿಗೆ ಬಾಯಿ ಹಚ್ಚಿದ ದಿನ, ಕಟ್ಟಿದ್ದ ನಾಳ ತೆರೆದುಕೊಂಡು, ಸ್ಲೈಡಿನಲ್ಲಿ ಕಂದು ಮೊಟ್ಟೆಗಳು ಕಂಡವು. ಸಾಹೇಬರು ಓಡೋಡಿ ಬಂದು ನನ್ನನ್ನು ಕೊಳವೆಯ ಮುಂದೆ ಕೂರಿಸಿದರು.

"ನೋಡು! ಪಿತ್ತನಾಳದ್ದು. ನಾ ಹೇಳಿದ್ದಿಲ್ಲೇನು?"

ಸ್ಲೈಡನ್ನು ಗೋಡೆಗೆ ಬಡಿಯಬೇಕೆನಿಸಿತು. ತಪ್ಪಾಯಿತು ಎನ್ನಲಿಲ್ಲ, ಚಲೋ ಮಾಡಿದಿ ಎನ್ನಲಿಲ್ಲ. ಆದರೆ ಅಲ್ಲಿಂದಾಚೆಗೆ ಪ್ರಾಣಿ ತೀರಾ ಸೋತು ಬಂದರೆ ಕೊಳವೆಯ ಬಳಿ ಹೋಗುವ ಮೊದಲು ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸಿದರೆ ಔಷಧ ಮೊದಲು, ವಿಳಾಸ ಆಮೇಲೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹೋದಾಗ ಮೂಲೆಯಲ್ಲಿ ಶೇಡಬಾಳದ ಅಜ್ಜಿ ಕೂತಿದ್ದರು. ಬೆಕ್ಕು ಹೇಗಿದೆ ಎಂದೆ.

"ಗುಂಡಗ ಐತಿ. ಎಲ್ಲಾ ಸಾಹೇಬ್ರ ಪುಣ್ಯ. ತಿಂಗಳಿಗೊಮ್ಮಿ ಬರ್ತಿದ್ರಲ್ಲವಾ, ಸಿಮೆಂಟ್ ಪುಡಿ ಹಿಡ್ಕೊಂಡು."

"ಸಿಮೆಂಟ್ ಯಾಕ್ರಿ?"

"ನಮ್ಮದು ಹಳೀ ಮನಿ, ಗ್ವಾಡಿ ತುಂಬ ಬಿರುಕು. ಹಲ್ಲಿಗೋಳನ್ನ ಮೆಲ್ಲಕ ಹೊರಗ ಓಡಿಸಿ ಬಿರುಕು ಮುಚ್ಚತಿದ್ರು. ಹಲ್ಲೀನೂ ಉಳೀಬೇಕು, ಬೆಕ್ಕೂ ಉಳೀಬೇಕು, ಮತ್ತ ಹುಳ ಕೊಲ್ಲೂ ಪಾಳಿ ಬರಬಾರದು ಅಂತಿದ್ರು. ಏಣಿ ಮ್ಯಾಲ ನಿಂತಾಗ ಕಾಲು ಥರಥರ ನಡಗ್ತಿದ್ವು. ಬ್ಯಾಡ್ರಿ ಅಂದ್ರ ಕೇಳ್ತಿದ್ದಿಲ್ಲ."

ಆ ವಯಸ್ಸಿನಲ್ಲಿ, ಕೆಂಪು ಬಸ್ಸಿನಲ್ಲಿ, ಮಂಡಿನೋವು ಇಟ್ಟುಕೊಂಡು. ನಾನೋ ಪ್ರತಿದಿನ ಬೈಕಿನಲ್ಲಿ ಶೇಡಬಾಳದ ಮೇಲೆಯೇ ಓಡಾಡುತ್ತಿದ್ದವಳು. ಒಂದು ಮಾತು ಹೇಳಿದ್ದರೆ ಏಣಿ ಹಿಡಿಯುತ್ತಿರಲಿಲ್ಲವೇ ಮಾರಾಯರೇ?